ಮಗ್ಗದ ಕೋಣೆಯ ಬಾಣಂತಿ

ನನ್ನ ನಿವೃತ್ತಿಯ ದಿನ ಅಂಗನವಾಡಿಯ ಮುಂದೆ ಪೆಂಡಾಲು ಹಾಕಿದ್ದರು. ಶಾಲು, ಹಾರ, ಹಣ್ಣಿನ ಬುಟ್ಟಿ ಎಲ್ಲ ಆಯಿತು. ನಮ್ಮ ಮೇಲ್ವಿಚಾರಕಿ ಮೈಕು ಹಿಡಿದು, "ಬನಹಟ್ಟಿಯ ನೂರಾರು ತಾಯಂದಿರಿಗೆ ಇವರು ತಾಯಿ. ಇವರ ಕೈಯಲ್ಲಿ ಒಬ್ಬ ಬಾಣಂತಿಯೂ ಹಸಿದಿಲ್ಲ" ಎಂದರು. ಜನ ಚಪ್ಪಾಳೆ ತಟ್ಟಿದರು. ನಾನು ಕೈ ಮುಗಿದೆ. ಮುಗಿಯದೆ ಏನು ಮಾಡಲಿ? ಎದ್ದು ನಿಂತು, "ಒಬ್ಬಳು ಹಸಿದಿದ್ದಳ್ರಿ, ಅದೂ ನನ್ನ ಮನಿಯಾಗ" ಎನ್ನುವ ಧೈರ್ಯ ನನಗಿರಲಿಲ್ಲ. ಹಾರ ಕುತ್ತಿಗೆಯಲ್ಲಿರುವಾಗ ಅಂಥ ಮಾತು ಬಾಯಿಗೆ ಬರುವುದೂ ಇಲ್ಲ. ಅದಕ್ಕೇ ಮನೆಯಲ್ಲಿ ಕೂತು ಬರೆಯುತ್ತಿದ್ದೇನೆ.

ಅವಳ ಹೆಸರು ನನಗೆ ಚೆನ್ನಾಗಿ ಗೊತ್ತು. ಗರ್ಭಿಣಿಯರ ರಜಿಸ್ಟರಿನಲ್ಲಿ ನನ್ನ ಕೈಯಾರೆ ಬರೆದ ಹೆಸರು ಅದು. ಆದರೆ ನಮ್ಮ ಓಣಿಯಲ್ಲಿ ಯಾರೂ ಅವಳನ್ನು ಆ ಹೆಸರಿನಿಂದ ಕರೆಯಲಿಲ್ಲ. ಅವಳು "ನೇಪಾಳಿ", ಅವಳ ಗಂಡ "ಬಹದ್ದೂರ". ಅವನ ಹೆಸರು ಬಹದ್ದೂರ ಅಲ್ಲವೇ ಅಲ್ಲ. ಆ ಕಡೆಯಿಂದ ಬಂದವರೆಲ್ಲ ನಮಗೆ ಬಹದ್ದೂರರೇ, ಕೇಳುವ ಗೋಜಿಗೆ ಹೋಗುವವರು ಯಾರು? ಕರೆಯಬೇಕಾದಾಗ ಕರೆಯದ ಹೆಸರನ್ನು ಈಗ ಬರೆದು ನಾನು ದೊಡ್ಡವಳಾಗುವುದು ಬೇಡ.

ಗಂಡ ಜಮಖಂಡಿ ರಸ್ತೆಯ ಒಂದು ಫ್ರೈಡ್ ರೈಸ್ ಗಾಡಿಯಲ್ಲಿ ಅಡುಗೆಯವನಾಗಿದ್ದ. ನಮ್ಮ ಮನೆಯ ಹಿಂದಿನ ಕೋಣೆಯನ್ನು ಬಾಡಿಗೆಗೆ ಕೇಳಿಕೊಂಡು ಬಂದ. ಅದು ಮೊದಲು ನನ್ನ ಮಾವ ಕೂತು ಸೀರೆ ನೇಯುತ್ತಿದ್ದ ಕೋಣೆ. ಮಾವ ಹೋದ ಮೇಲೆ ಮಗ್ಗ ಬಿಚ್ಚಿ ಹಾಕಿ, ಕಾಲಿಡುವ ಕುಣಿಗೆ ಮಣ್ಣು ತುಂಬಿ, ಮೇಲೆ ಫರಸಿ ಹಾಸಿದ್ದೆವು. ಒಂದೇ ಕಿಟಕಿ, ಅದೂ ಅಂಗೈ ಅಗಲ. ನಾನು ಒಂದೇ ಒಂದು ಕರಾರು ಹಾಕಿದೆ. "ನಮ್ಮದು ಲಿಂಗ ಕಟ್ಟಿದ ಮನಿ. ತತ್ತಿ, ಮಾಂಸ ಹೊಸ್ತಿಲ ದಾಟಿ ಒಳಗ ಬರಬಾರದು." ಅವನು "ಹಾಂಜೀ, ಹಾಂಜೀ" ಎಂದ. ಕೋಣೆ ಬೇಕಾದವನು ಇನ್ನೇನು ಅಂದಾನು?

ಒಂದು ತಿಂಗಳಿಗೆ ಹೆಂಡತಿಯನ್ನು ಕರೆದುಕೊಂಡು ಬಂದ. ಇಪ್ಪತ್ತೊಂದು, ಇಪ್ಪತ್ತೆರಡರ ಹುಡುಗಿ, ಗುಂಡು ಮುಖ, ನಕ್ಕರೆ ಕಣ್ಣು ಮುಚ್ಚಿಯೇ ಹೋಗುತ್ತಿದ್ದವು. ಆಗಲೇ ನಾಲ್ಕು ತಿಂಗಳ ಬಸುರಿ. ಮೂರು ದಿನ ರೈಲು, ಬಸ್ಸು, ಮತ್ತೆ ಬಸ್ಸು ಹತ್ತಿ ಬಂದವಳು ಚೀಲ ಇಳಿಸಿದ್ದೇ ಮಾಳಿಗೆ ಹತ್ತಿ ಸುತ್ತ ನೋಡಿದಳು. ನಾಲ್ಕೂ ಕಡೆ ಮಾಳಿಗೆಗಳು, ನೀರಿನ ಟಾಕಿಗಳು, ಆಚೆ ಕಬ್ಬು. ಕೆಳಗೆ ಬಂದು ಗಂಡನಿಗೆ ಏನೋ ಕೇಳಿದಳು. ಅವನು ನಗುತ್ತ, "ಗುಡ್ಡ ಎಲ್ಲಿ ಇಟ್ಟಾರ ಅಂತ ಕೇಳ್ತಾಳ್ರಿ" ಎಂದ.

ನಮ್ಮ ಓಣಿಯಲ್ಲಿ ಬೆಳಗಾದರೆ ಪಾವರಲೂಮುಗಳ ಸದ್ದು. ಮೊದಲ ವಾರ ಅವಳು ಕಿವಿಗೆ ಸೆರಗು ಒತ್ತಿಕೊಂಡು ಓಡಾಡಿದಳು. ಎರಡು ತಿಂಗಳಾದ ಮೇಲೆ ಕರೆಂಟು ಹೋಗಿ ಮಗ್ಗ ನಿಂತರೆ ಸಾಕು, ಹೊರಗೆ ಬಂದು "ಯಾರ ಸತ್ತಾರ್ರಿ?" ಎಂದು ಗಾಬರಿಯಿಂದ ಕೇಳುತ್ತಿದ್ದಳು. ನಾವು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆವು.

ಕನ್ನಡ ಬೇಗ ಕಲಿತಳು. ಹೊಸ ಮಾತು ಕೇಳಿದಾಗ ಎಡಗೈಯ ಅಂಗೈಯಲ್ಲಿ ಬಲಗೈ ಬೆರಳಿನಿಂದ ಒತ್ತಿಕೊಳ್ಳುವಳು, ಅಲ್ಲಿ ಅಂಟಿಸಿ ಇಟ್ಟುಕೊಳ್ಳುವವಳ ಹಾಗೆ. "ಇದಕ್ಕ ಏನ ಅಂತಾರ್ರಿ? ಅದಕ್ಕ?" ದಿನವಿಡೀ ಇದೇ. ಓಣಿಯವರೆಲ್ಲ ಒಬ್ಬರಿಗೊಬ್ಬರು "ರಿ" ಹಚ್ಚಿ ಮಾತಾಡುವುದನ್ನು ಕೇಳಿ, ಅದಿಲ್ಲದೆ ಕನ್ನಡವೇ ಇಲ್ಲ ಎಂದುಕೊಂಡಿದ್ದಳು. ನಾಯಿ ಬಂದರೆ "ಹೊರಗ ಹೋಗ್ರಿ" ಎನ್ನುವಳು. ಹಾಲು ಉಕ್ಕಿದರೆ ಹಾಲಿಗೂ "ನಿಲ್ರಿ, ನಿಲ್ರಿ!" ನನ್ನ ಅತ್ತೆ ಅವಳಿಂದ ಇಂಥವನ್ನು ಹೇಳಿಸಿ ಕೇಳಲೆಂದೇ ಹಿತ್ತಲಿಗೆ ಹೋಗಿ ಕೂರುತ್ತಿದ್ದರು. ಎಂಬತ್ತರ ಹತ್ತಿರದ ಮುದುಕಿ, ದಿನಕ್ಕೆರಡು ಸಲ ಲಿಂಗಪೂಜೆ ಆಗದೆ ಹನಿ ನೀರು ಬಾಯಿಗೆ ಬಿಡದವರು. ಅವರಿಗೆ ಆ ಹುಡುಗಿ ಎಂದರೆ ಜೀವ.

ಒಂದು ದಿನ ಗಿರಣಿಗೆ ಹಾಕಿದ್ದ ಜೋಳದ ಹಿಟ್ಟಿನ ಡಬ್ಬಿಯನ್ನು ತಾನೇ ತರುತ್ತೇನೆಂದು ಹೋದಳು. ಡಬ್ಬಿ ಬೆನ್ನ ಮೇಲೆ, ಅದಕ್ಕೆ ಸುತ್ತಿದ ಪಟ್ಟಿ ಹಣೆಯ ಮೇಲೆ, ಎರಡೂ ಕೈ ಖಾಲಿ, ಹೊಟ್ಟೆ ಮುಂದೆ. ಹಾಗೆ ಬಾಗಿ ಸರಸರ ನಡೆದು ಬಂದಳು. ಹೆಂಗಸರೆಲ್ಲ ಬಾಗಿಲಿಗೆ ಬಂದು ನಿಂತರು. ನಾನು ಕೂಗಾಡಿದೆ. "ಏನ ಮಾಡಾಕತ್ತೀಯ? ಬಸುರಿ ಅದೀಯೋ ಹಮಾಲಿ ಅದೀಯೋ?" ಡಬ್ಬಿ ಇಳಿಸಿ, ಹಣೆ ಒರೆಸಿಕೊಂಡು, "ಇದು ಭಾರ ಅಲ್ರಿ. ಇಳಿಯೂದ ಇಲ್ಲ, ಏರೂದ ಇಲ್ಲ, ಸಪಾಟ ಐತಿ" ಎಂದಳು. ಆ ಹುಡುಗಿಗೆ ನಮ್ಮ ಊರು ಬಹಳ ಸಸಾರ ಎನ್ನಿಸಿತ್ತು.

ನಾನು ಅವಳಿಗೆ ಏನೂ ಮಾಡಲಿಲ್ಲ ಎಂದು ಹೇಳಿದರೆ ಅದೂ ಸುಳ್ಳಾಗುತ್ತದೆ. ಆಧಾರ ಇಲ್ಲ, ರೇಷನ್ ಕಾರ್ಡ್ ಇಲ್ಲ, ಬೇರೆ ದೇಶದವಳು ಎಂದು ಎಲ್ಲರೂ ಕೈ ಆಡಿಸಿದಾಗ, ಮೂರು ಸಲ ಓಡಾಡಿ ತಾಯಿ ಕಾರ್ಡ್ ಮಾಡಿಸಿದವಳು ನಾನು. ಕೈ ಹಿಡಿದು ತಪಾಸಣೆಗೆ ಕರೆದುಕೊಂಡು ಹೋದವಳು ನಾನು. ಮಧ್ಯಾಹ್ನ ಅಂಗನವಾಡಿ ಕೇಂದ್ರದಲ್ಲಿ ಗರ್ಭಿಣಿಯರಿಗೆ ಊಟ, ಬೇಯಿಸಿದ ತತ್ತಿ ಕೊಡುತ್ತಿದ್ದೆವು. ತತ್ತಿ ಸುಲಿಯಲು ನನ್ನ ಹತ್ತಿರ ಬೇರೆ ಸೋಪೇ ಇತ್ತು. ಸುಲಿದು, ಕೈ ತೊಳೆದು, ಮನೆಗೆ ಬಂದು ಸ್ನಾನ ಮಾಡಿದ ಮೇಲೇ ಒಲೆ ಮುಟ್ಟುವುದು. ಅವಳು ಎದುರಿಗೆ ಕೂತು ತತ್ತಿ ತಿನ್ನುವಾಗ ನಾನೇ, "ಇನ್ನೊಂದ ತಗೋ, ಕೂಸಿಗೆ ಛಲೋ" ಎನ್ನುತ್ತಿದ್ದೆ. ಕೇಂದ್ರ ಬೇರೆ, ಮನೆ ಬೇರೆ. ಈ ಲೆಕ್ಕ ನನಗೆ ಎಂದೂ ತಪ್ಪಿರಲಿಲ್ಲ.

ಏಳನೇ ತಿಂಗಳಿಗೆ ಓಣಿಯ ಹೆಂಗಸರೆಲ್ಲ ಸೇರಿ ಅವಳಿಗೆ ಕುಬಸ ಮಾಡಿದೆವು. ನಮ್ಮಲ್ಲಿ ಚೊಚ್ಚಿಲ ಬಸುರಿಗೆ ತವರಿನವರು ಹಸಿರು ಸೀರೆ ತಂದು, ಉಡಿ ತುಂಬಿ, ಬಾಣಂತನಕ್ಕೆ ಕರೆದುಕೊಂಡು ಹೋಗುತ್ತಾರೆ. ಇವಳ ತವರು ಯಾವ ಗುಡ್ಡದ ಮೇಲಿತ್ತೋ! ಹಸಿರು ಸೀರೆ ಉಡಿಸಿದೆವು, ಹಸಿರು ಬಳೆ ಇಡಿಸಿದೆವು. ಉಡಿಯಲ್ಲಿ ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ ಹಾಕುತ್ತ ನಾನು ಎಲ್ಲರಿಗೂ ಕೇಳುವ ಹಾಗೆ ಅಂದೆ. "ಇವತ್ತಿನಿಂದ ಇದ ನಿನ್ನ ತವರಮನಿ, ತಂಗಿ. ನಿನ್ನ ಬಾಣಂತನ ನಂದು." ತವರಮನಿ ಅಂದರೇನೆಂದು ಅವಳು ಕೇಳಿದಳು. ಬಾಗಿಲಲ್ಲಿ ನಿಂತಿದ್ದ ಗಂಡ ಅವರ ಮಾತಿನಲ್ಲಿ ಹೇಳಿದ. ಅಂಗೈಯಲ್ಲಿ ಬೆರಳು ಒತ್ತಿದಳು, ಒತ್ತುತ್ತಲೇ ಅತ್ತಳು. ಆರತಿ ಹಾಡು ನಿಂತಿತು. ಓಣಿಯೆಲ್ಲ ಸೆರಗಿನಿಂದ ಕಣ್ಣು ಒರೆಸಿಕೊಂಡಿತು, ನಾನೂ ಒರೆಸಿಕೊಂಡೆ. ಮರುದಿನದಿಂದ ನಾನು ಅವಳಿಗೆ "ಟೀಚರ್ರ" ಆಗಿ ಉಳಿಯಲಿಲ್ಲ, "ಅವ್ವಾರ" ಆದೆ.

ಇಲ್ಲೇ ಅವಳು ತಪ್ಪಿದ್ದು. ಉಡಿ ತುಂಬುವಾಗ ನಾವು ಆಡುವ ಮಾತನ್ನು ನಾವ್ಯಾರೂ ಗಂಟು ಹಾಕಿಕೊಳ್ಳುವುದಿಲ್ಲ. ಅವಳು ಹಾಕಿಕೊಂಡಳು.

ಹೆಣ್ಣು ಕೂಸು ಹುಟ್ಟಿತು. ಹೆರಿಗೆ ಸುಸೂತ್ರ. ಜನನ ದಾಖಲೆಯ ಅರ್ಜಿಯಲ್ಲಿ ವಿಳಾಸ ಬರೆಯುವ ಜಾಗದಲ್ಲಿ ಗಂಡ ನನ್ನ ಮುಖ ನೋಡಿದ. "ನಮ್ಮ ಮನಿ ನಂಬರ್ ಬರಿ" ಎಂದೆ. ಮಾಡಿದ್ದನ್ನೆಲ್ಲ ಹೇಳಿಬಿಡುತ್ತೇನೆ, ಆಮೇಲೆ ಮಾಡದ್ದನ್ನು ಹೇಳಲು ಬಾಯಿ ಬರಬೇಕಲ್ಲ.

ಬಾಣಂತನ ಶುರುವಾಯಿತು. ನಮ್ಮ ಪದ್ಧತಿ ಏನಿದೆಯೋ ಅದರಲ್ಲಿ ಒಂದು ಕಾಳೂ ಕಡಿಮೆ ಮಾಡಲಿಲ್ಲ. ಮಗ್ಗದ ಕೋಣೆಯ ಆ ಅಂಗೈ ಅಗಲದ ಕಿಟಕಿಗೂ ಗೋಣಿ ತಟ್ಟು ಕಟ್ಟಿದೆ. ಹೊರಸಿನ ಕೆಳಗೆ ಕೆಂಡದ ಶೇಗಡಿ, ಲೋಬಾನದ ಹೊಗೆ. ಅವಳ ಕಿವಿಗೆ ಹತ್ತಿ, ತಲೆಗೆ ಬಿಗಿಯಾಗಿ ಬಟ್ಟೆ. ಬಿಸಿ ಅನ್ನ, ತುಪ್ಪ, ಮೆಣಸಿನ ಸಾರು, ಅಳವಿ ಪಾಯಸ, ಅಂಟಿನುಂಡಿ. ನೀರು ಮಾತ್ರ ಅಳೆದು, ಕುದಿಸಿ ಆರಿಸಿದ್ದು, ಬಾಯಿ ಒಣಗಿದರೆ ಎರಡು ಗುಟುಕು. ಒಂದು ತಿಂಗಳು ಹೊಸ್ತಿಲು ದಾಟುವ ಹಾಗಿಲ್ಲ. ಅವಳು ಬೆವರಿ ತೊಯ್ದು ಹೋಗುತ್ತಿದ್ದಳು. "ಅವ್ವಾರ, ಉಸಿರ ಬರವಲ್ದರಿ" ಎಂದರೆ, "ನಾವೆಲ್ಲ ಹಿಂಗ ಹಡದೀವಿ, ಸುಮ್ನ ಮಲ್ಕೋ" ಎನ್ನುತ್ತಿದ್ದೆ. ಐದನೇ ದಿನ ಶೆಟಗೆವ್ವನ ಪೂಜೆ ಮಾಡಿ, ಕೂಸಿನ ಹಣೆಬರಹ ಬರೆಯಲೆಂದು ಹಾಳೆ, ಪೆನ್ನು ಇಟ್ಟೆವು. ಅವಳು ಕೂಸಿನ ಕಿವಿಯಲ್ಲಿ ಮೆಲ್ಲಗೆ, "ಅಳಬ್ಯಾಡ್ರಿ, ದೇವರು ಬಂದು ಬರೀತಾರ್ರಿ" ಎನ್ನುತ್ತಿದ್ದಳು. ಹೆತ್ತ ಕೂಸಿಗೂ "ರಿ" ಹಚ್ಚಿ ಮಾತಾಡಿದ ತಾಯಿಯನ್ನು ನಾನು ಅವಳೊಬ್ಬಳನ್ನೇ ನೋಡಿದ್ದು.

ಎಲ್ಲ ಸರಿಯಿತ್ತು, ಹಾಲು ಮಾತ್ರ ಬರಲಿಲ್ಲ. ಬಂದರೂ ಕೂಸಿನ ತುಟಿ ತೊಯ್ಯುವಷ್ಟು. ಕೂಸು ಚೀಪಿ ಚೀಪಿ ಸೋತು ಅಳುವುದು, ಅಳಲೂ ಸೋತು ಮಲಗುವುದು. ಹತ್ತನೇ ದಿನ ಕೇಂದ್ರದ ತಕ್ಕಡಿ ತಂದು ತೂಗಿದೆ, ಹುಟ್ಟಿದಾಗಿನ ತೂಕಕ್ಕೂ ಕಡಿಮೆ. ಗಂಡ ಹೆದರಿ ಹಾಲಿನ ಪುಡಿಯ ಡಬ್ಬಿ ತಂದ. ನಾನು ಅದನ್ನು ವಾಪಸು ಕಳಿಸಿದೆ. "ಆರು ತಿಂಗಳು ತಾಯಿ ಹಾಲು ಬಿಟ್ಟ ಏನೂ ಕೊಡೂಹಂಗಿಲ್ಲ" ಎಂದು ಊರ ತುಂಬ ಹೇಳಿ ಬಂದವಳು, ನನ್ನ ಮನೆಯಲ್ಲೇ ಬಾಟಲಿ ಇಡಲು ಬಿಟ್ಟೇನೆ? ದವಾಖಾನೆಗೆ ಕರೆದೊಯ್ಯಬೇಕಿತ್ತು. ಒಯ್ಯಲಿಲ್ಲ. ಇಷ್ಟು ವರ್ಷದ ಅನುಭವ ಇರುವ ನನ್ನ ಮನೆಯ ಬಾಣಂತಿಗೆ ಹಾಲಿಲ್ಲ ಎಂದು ಯಾರ ಮುಂದೆ ಹೇಳಲಿ? "ಬರ್ತಾವ, ಬರ್ತಾವ" ಎನ್ನುತ್ತ ಇನ್ನೊಂದು ಅಂಟಿನುಂಡಿ ಕೊಟ್ಟೆ.

ಅವಳು ಫೋನಿನಲ್ಲಿ ತನ್ನ ತಾಯಿಯನ್ನು ತೋರಿಸಿದಳು. ಸಣ್ಣ ಪರದೆಯ ಮೇಲೆ ಸುಕ್ಕುಗಟ್ಟಿದ ಒಂದು ಮುಖ, ಹಿಂದೆ ಕಲ್ಲಿನ ಗೋಡೆ. ನನ್ನನ್ನು ಕಂಡು ಎರಡೂ ಕೈ ಎತ್ತಿ ಮುಗಿಯಿತು ಆ ಜೀವ. ಬಹಳ ಹೊತ್ತು ಏನೋ ಹೇಳಿತು. ಮಗಳು ನನಗೆ ಕನ್ನಡದಲ್ಲಿ ಹೇಳಿದಳು. "ನನ್ನ ಮಗಳು ನಿಮ್ಮ ಉಡಿಯಾಗ ಐತಿ ಅಂತಾರ್ರಿ." ನಾನು ಫೋನಿಗೆ ಬಾಯಿ ಹಚ್ಚಿ, "ಚಿಂತಿ ಮಾಡಬ್ಯಾಡ್ರಿ, ನನ್ನ ಮಗಳಿದ್ದಂಗ" ಎಂದು ಕೂಗಿದೆ. ಆ ತಾಯಿಗೆ ತಿಳಿಯಲಿ ಎಂದು ಎದೆ ಮುಟ್ಟಿ ಬೇರೆ ತೋರಿಸಿದೆ.

ಆಮೇಲೆ ಅವಳು ಮೆಲ್ಲಗೆ ಬಾಯಿ ಬಿಟ್ಟಳು. "ಅವ್ವಾರ, ನಮ್ಮ ಕಡಿ ಬಾಣಂತಿಗೆ ಅಜವಾನ ಹಾಕಿ ಕೋಳಿ ರಸ ಕೊಡ್ತಾರ್ರಿ. ಹಾಲು ಬರ್ತಾವಂತ. ಸಾಸಿವಿ ಎಣ್ಣಿ ಹಚ್ಚಿ ತಾಯಿ, ಕೂಸು ಇಬ್ಬರನ್ನೂ ಬಿಸಲಾಗ ಮಲಗಸ್ತಾರ್ರಿ. ನಮ್ಮವ್ವ ಹೇಳಾಕತ್ತಾಳ."

"ಛೀ, ಆ ಹೆಸರ ತಗೀಬ್ಯಾಡ ಈ ಮನಿಯಾಗ" ಎಂದೆ.

ಕೂಸನ್ನು ಇನ್ನೊಂದು ಮಗ್ಗುಲಿಗೆ ಹಾಕಿಕೊಂಡು ಕೇಳಿದಳು. "ತತ್ತಿರಿ? ಕೇಂದ್ರದಾಗ ನೀವ ಕೊಡ್ತಿದ್ರಲ್ರಿ?"

"ಅಲ್ಲೇ ಬಂದ ತಿನ್ನಬೇಕು."

"ಹೊಸ್ತಿಲ ದಾಟಬ್ಯಾಡ ಅಂದೀರಲ್ರಿ?"

"ತಿಂಗಳ ಆದ ಮ್ಯಾಲೆ ಬಾ" ಎಂದು ಎದ್ದು ಬಂದೆ. ಅವಳ ಪಾಲಿನ ತತ್ತಿ ದಿನವೂ ಕೇಂದ್ರಕ್ಕೆ ಬರುತ್ತಿತ್ತು. ಬೇರೆ ಬಾಣಂತಿಯರು ತಿನ್ನುತ್ತಿದ್ದರು. ನಾನು ಕದ್ದಿಲ್ಲ, ಮಾರಿಲ್ಲ. ಕೇಂದ್ರದಿಂದ ನಮ್ಮ ಮನೆಗೆ ನೂರು ಹೆಜ್ಜೆ. ಆ ನೂರು ಹೆಜ್ಜೆ ಒಂದು ತತ್ತಿ ಹಿಡಿದುಕೊಂಡು ನಡೆಯಲು ನನ್ನಿಂದ ಆಗಲಿಲ್ಲ.

ಹದಿನೈದನೇ ದಿನವೋ ಹದಿನಾರನೆಯದೋ, ನಾನು ಮನೆಗೆ ಬಂದರೆ ಕೋಣೆ ಖಾಲಿ. ಮಾಳಿಗೆಗೆ ಓಡಿದೆ. ಎಳೆ ಬಿಸಿಲಲ್ಲಿ ಚಾಪೆ ಹಾಸಿ, ಕಾಲು ಚಾಚಿ ಕೂತು, ಬರಿಮೈಯ ಕೂಸನ್ನು ಕಾಲ ಮೇಲೆ ಹಾಕಿಕೊಂಡು ಎಣ್ಣೆ ತಿಕ್ಕುತ್ತಿದ್ದಳು. ಸಾಸಿವೆ ಎಣ್ಣೆಯ ಘಾಟು. ಕೂಸು ಅಳು ಮರೆತು ಕೈಕಾಲು ಆಡಿಸುತ್ತಿತ್ತು. ಎದುರು ಮಾಳಿಗೆಯ ಹೆಂಗಸರು, "ಟೀಚರ್ರ, ಏನ್ರಿ ಇದು? ಹಸೀ ಕೂಸಿಗೆ ದೃಷ್ಟಿ ಆಗ್ತೈತಿ, ಥಂಡಿ ಹತ್ತತೈತಿ!" ಎಂದು ಕೂಗುತ್ತಿದ್ದರು. ನನ್ನ ಮಾನ ಹೋದ ಹಾಗಾಯಿತು. ರಟ್ಟೆ ಹಿಡಿದು ಎಬ್ಬಿಸಿದೆ. ಅವಳು ಕೂಸನ್ನು ಎದೆಗೆ ಒತ್ತಿಕೊಂಡು ನಿಂತು, ಮೊದಲ ಸಲ ನನಗೆ ಎದುರು ಮಾತಾಡಿದಳು. "ನಿಮ್ಮ ಬಾಣಂತನ ನಿಮ್ಮ ಮೈಗೆ ಛಲೋ ಐತ್ರಿ. ನನ್ನ ಮೈ ಬ್ಯಾರೆ ಊರಂದ್ರಿ ಅವ್ವಾರ." ಎಂಥ ಮಾತು! ಆ ಹೊತ್ತಿಗೆ ನನಗೆ ಅದು ಸೊಕ್ಕಿನ ಮಾತಾಗಿ ಕೇಳಿಸಿತು. ಕೆಳಗೆ ಕರೆದುಕೊಂಡು ಹೋಗಿ ಶೇಗಡಿಗೆ ಇನ್ನಷ್ಟು ಕೆಂಡ ಹಾಕಿದೆ.

ಶ್ರಾವಣ ಬಂತು. ಮೊದಲ ಸೋಮವಾರ. ಆ ಮಧ್ಯಾಹ್ನ ಕೇಂದ್ರದಲ್ಲಿ ನಾಲ್ಕು ಮಂದಿ ಬಾಣಂತಿಯರಿಗೆ ನಾನೇ ತತ್ತಿ ಸುಲಿದು ಕೊಟ್ಟು, "ತಿನ್ರಿ, ಹಾಲು ಛಲೋ ಬರ್ತಾವ" ಎಂದು ಹೇಳಿ ಬಂದಿದ್ದೆ. ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು ದೇವರ ಜಗಲಿಗೆ ಬರುವಷ್ಟರಲ್ಲಿ ಮೂಗಿಗೆ ವಾಸನೆ ಬಡಿಯಿತು. ಮಗ್ಗದ ಕೋಣೆಯ ಬಾಗಿಲು ನೂಕಿದೆ. ಹೊರಸಿನ ಮೇಲೆ ಕೂತಿದ್ದಳು, ತೊಡೆಯ ಮೇಲೆ ಕೂಸು, ಕೈಯಲ್ಲಿ ಸ್ಟೀಲಿನ ಸಣ್ಣ ಕ್ಯಾನು. ಗಂಡ ಗಾಡಿಯಿಂದ ಮುಚ್ಚಿ ತಂದು ಕೊಟ್ಟು ಹೋಗಿದ್ದ. ಕ್ಯಾನಿನ ಮುಚ್ಚಳದಲ್ಲಿ ಕೋಳಿ ರಸ ಹಾಕಿಕೊಂಡು ಗಟಗಟ ಕುಡಿಯುತ್ತಿದ್ದಳು. ನನ್ನನ್ನು ಕಂಡರೂ ನಿಲ್ಲಿಸಲಿಲ್ಲ. ಕಸಿದುಕೊಳ್ಳುವುದರೊಳಗೆ ಆದಷ್ಟು ಒಳಗೆ ಹೋಗಲಿ ಎಂದು ಕುಡಿಯುತ್ತಿದ್ದಳು. ಈಗ ತಿಳಿಯುತ್ತದೆ ನನಗೆ.

ಕಸಿದುಕೊಂಡೆ.

ಇಂಥಲ್ಲಿ ಮನೆಯ ಹಿರಿಯರ ಮೇಲೆ ಹಾಕಿ ತಪ್ಪಿಸಿಕೊಳ್ಳುವುದು ಸುಲಭ. ಓಣಿಯಲ್ಲಿ ನಾನೂ ಬಹಳ ದಿನ, "ನಮ್ಮ ಅತ್ತಿಯವರ ಮಡಿ ನೋಡ್ರಿ, ಏನ ಮಾಡೂದು" ಎಂದು ಹೇಳಿಕೊಂಡು ತಿರುಗಿದ್ದೇನೆ. ಖರೆ ಏನೆಂದರೆ, ಗದ್ದಲ ಕೇಳಿ ಗೋಡೆ ಹಿಡಿದುಕೊಂಡು ಬಂದ ಅತ್ತೆ ಬಾಗಿಲಲ್ಲಿ ನಿಂತು ಅಂದದ್ದು ಹೀಗೆ. "ಇರ್ಲಿ ಬಿಡ ಬೇ. ಹಸೀ ಬಾಣಂತಿ, ಕೂಸಿನ ಸಲುವಾಗಿ ಕುಡ್ಯಾಕತ್ತಾಳ. ಮನಿ ತೊಳದ್ರ ಆತು. ಶಿವ ಏನ ಬಡಿಗಿ ಹಿಡದ ನಿಂತಾನೇನ?"

"ನೀವ ಸುಮ್ನಿರ್ರಿ ಅತ್ತಿ, ನಿಮಗ ತಿಳಿಯೂದಿಲ್ಲ" ಎಂದು, ಎಂಬತ್ತು ವರ್ಷದ ಆ ಮುದುಕಿಯ ಬಾಯಿ ಮುಚ್ಚಿಸಿ, ಕ್ಯಾನು ಒಯ್ದು ಗಟಾರಕ್ಕೆ ಸುರಿದೆ. ಓಣಿ ನೋಡಲಿ ಎಂದೇ ಎತ್ತರದಿಂದ ಸುರಿದೆ. ಅವಳು ಕೂಸನ್ನು ಎತ್ತಿಕೊಂಡು ಬಾಗಿಲಿಗೆ ಬಂದು ನಿಂತಿದ್ದಳು. ನನ್ನ ಮುಖ ನೋಡಲಿಲ್ಲ. ಗಟಾರದಲ್ಲಿ ಹರಿದು ಹೋಗುತ್ತಿದ್ದ ರಸವನ್ನೇ ನೋಡುತ್ತಿದ್ದಳು.

"ಅವ್ವಾರ, ಇದು ತವರಮನಿ ಅಂದಿದ್ರಿ."

"ಅದು ಮಾತಿಗೆ ಅಂದದ್ದು."

"ಮಾತಿಗೆ ಅಂದ್ರ ಏನ್ರಿ?"

ಅವಳು ಕೇಳಿದ ಪ್ರತಿಯೊಂದು ಮಾತಿಗೂ ಅರ್ಥ ಹೇಳಿಕೊಟ್ಟವಳು ನಾನು. ಅದೊಂದಕ್ಕೆ ಹೇಳಲಿಲ್ಲ. "ನಾಳಿ ಸಂಜಿ ಒಳಗ ಕೋಣಿ ಖಾಲಿ ಮಾಡ್ರಿ" ಎಂದೆ. ಅಂದಿಗೆ ಹೆರಿಗೆಯಾಗಿ ಇಪ್ಪತ್ತೆರಡು ದಿನ. ಓಣಿಯ ಹೆಂಗಸರು, "ಛಲೋ ಮಾಡಿದ್ರಿ ಟೀಚರ್ರ, ಸದರ ಕೊಡಬಾರದು" ಎಂದರು. ಕುಬಸದ ದಿನ ಕಣ್ಣು ಒರೆಸಿಕೊಂಡವರು ಇವರೇ.

ಮರುದಿನ ಮಧ್ಯಾಹ್ನ ಹೊರಟರು. ಸಾಮಾನು ಎಷ್ಟಿತ್ತು ಮಹಾ! ಒಂದು ಸ್ಟೋವು, ನಾಲ್ಕು ಪಾತ್ರೆ, ಎರಡು ಚೀಲ. ಗಂಡ ನನ್ನ ಮುಂದೆ ಕೈಮುಗಿದು, "ಗಲತಿ ಆತ್ರಿ ಮೇಡಂ" ಎಂದ. ಅವಳು ಕೂಸನ್ನು ಬೆನ್ನಿಗೆ ಬಟ್ಟೆಯಲ್ಲಿ ಕಟ್ಟಿಕೊಂಡಿದ್ದಳು. ಅತ್ತೆಯ ಕಾಲು ಮುಟ್ಟಿ ನಮಸ್ಕಾರ ಮಾಡಿದಳು. ಆಮೇಲೆ ನನ್ನ ಕಾಲನ್ನೂ ಮುಟ್ಟಿದಳು. ಬೈದು ಹೋಗಿದ್ದರೆ ಇಷ್ಟು ವರ್ಷ ನಾನೂ ತಿರುಗಿ ಬೈದುಕೊಂಡು ಹಾಯಾಗಿ ಇರುತ್ತಿದ್ದೆ. ಅತ್ತೆ ಎರಡು ದಿನ ನನ್ನ ಕೂಡ ಮಾತಾಡಲಿಲ್ಲ. ಮೂರನೇ ದಿನ ಊಟಕ್ಕೆ ಕೂತಾಗ, "ಕೂಸಿನ ತೂಕ ಯಾರ ನೋಡ್ತಾರ ಈಗ?" ಎಂದರು.

ಯಾರೂ ನೋಡಲಿಲ್ಲ. ಜಮಖಂಡಿ ರಸ್ತೆಯ ಗಾಡಿಯ ಹಿಂದೆ ತಗಡಿನ ಶೆಡ್ಡಿನಲ್ಲಿ ಇದ್ದಾರೆ ಎಂದು ನನಗೆ ತಿಳಿದಿತ್ತು. ಎರಡು ಕಿಲೋಮೀಟರ್ ಕೂಡ ಇಲ್ಲ. ಆ ಕಡೆಯ ಅಂಗನವಾಡಿಯವರಿಗೆ ಒಂದು ಮಾತು ತಿಳಿಸುವುದು ನನ್ನ ಕೆಲಸವಾಗಿತ್ತು. ತಿಳಿಸಿದರೆ, ನಿಮ್ಮ ಮನೆಯಿಂದ ಯಾಕೆ ಹೋದರು ಎಂದು ಕೇಳುತ್ತಾರಲ್ಲ? ರಜಿಸ್ಟರಿನಲ್ಲಿ ಅವಳ ಹೆಸರಿನ ಮುಂದೆ "ವಲಸೆ" ಎಂದು ಒಂದು ಶಬ್ದ ಬರೆದು ಮುಗಿಸಿದೆ. ಕೂಸು ಉಳಿಯಿತೋ ಇಲ್ಲವೋ ಎಂದು ಯಾರನ್ನೂ ಕೇಳಲಿಲ್ಲ. ಕೇಳಿದರೆ ಉತ್ತರ ಬಂದೀತು ಎಂಬ ಹೆದರಿಕೆ. ಆ ರಸ್ತೆಯಲ್ಲಿ ಬಸ್ಸು ಹೋಗುವಾಗ ನಾನು ಇನ್ನೊಂದು ಬದಿಯ ಕಿಟಕಿಗೆ ಕೂರುತ್ತಿದ್ದೆ. ಮುಂದಿನ ವರ್ಷ ಅತ್ತೆ ತೀರಿಕೊಂಡರು. ಗಾಡಿಯೂ ಅಲ್ಲಿಂದ ಎದ್ದು ಹೋಯಿತು.

ಸನ್ಮಾನ ಆಗಿ ಎಂಟು ದಿನವಾಗಿರಬೇಕು. ಮುಧೋಳದಲ್ಲಿರುವ ಮಗಳ ಮನೆಗೆ ಹೊರಟು ಮಹಾಲಿಂಗಪುರದ ಬಸ್ ಸ್ಟ್ಯಾಂಡಿನಲ್ಲಿ ಇಳಿದು ನಿಂತಿದ್ದೆ. ಹಿಂದಿನಿಂದ, "ಟೀಚರ್ರ! ಆರಾಮ ಅದೀರೇನ್ರಿ?" ಎಂದು ಯಾರೋ ಕೂಗಿದರು. ತಿರುಗಿದೆ. ನಕ್ಕಾಗ ಮುಚ್ಚಿ ಹೋಗುವ ಅವೇ ಕಣ್ಣು. ಸ್ವಲ್ಪ ದಪ್ಪಗಾಗಿದ್ದಳು, ಸೀರೆಯನ್ನು ನಮ್ಮ ಹಾಗೆಯೇ ಉಟ್ಟಿದ್ದಳು. ಪಕ್ಕದಲ್ಲಿ ಆರು ವರ್ಷದ ಹುಡುಗಿ, ಎರಡು ಜಡೆ, ಕೈಯಲ್ಲಿ ಕಬ್ಬಿನ ತುಂಡು. ನನ್ನ ಕಣ್ಣು ಆ ಹುಡುಗಿಯ ಮೇಲೆ ನಿಂತುಬಿಟ್ಟಿತು. ಕೈ, ಕಾಲು, ಕೆನ್ನೆ, ಎಲ್ಲ ನೋಡಿದೆ. ಗಟ್ಟಿಮುಟ್ಟಾಗಿತ್ತು ಹುಡುಗಿ. ತಾಯಿಯ ಸೆರಗು ಜಗ್ಗಿ, "ಯವ್ವಾ, ನಡಿ ಬೇ, ಬಸ್ ತುಂಬತೈತಿ!" ಎಂದು ನಮ್ಮ ಓಣಿಯ ಹುಡುಗಿಯರ ದನಿಯಲ್ಲೇ ಗದರಿಸಿತು.

ಅವಳು ನಿಂತೇ ಎಲ್ಲ ಹೇಳಿದಳು. ಈಗ ಮುಧೋಳದಲ್ಲಿದ್ದಾರೆ, ಸ್ವಂತ ಗಾಡಿ. ಅತ್ತೆಯನ್ನು ಕೇಳಿದಳು. ಹೋದರು ಎಂದೆ. ಬಸ್ ಸ್ಟ್ಯಾಂಡು ಎನ್ನುವುದನ್ನೂ ಮರೆತು ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು. ಶೆಡ್ಡಿಗೆ ಹೋದ ದಿನವೇ ಗಾಡಿಗೆ ಕೋಳಿ ಹಾಕುತ್ತಿದ್ದ ಹುನ್ನೂರಿನ ಕುರುಬರ ಮುದುಕಿಯೊಬ್ಬಳು ಕೂಸಿನ ಅಳು ಕೇಳಿ ಒಳಗೆ ಬಂದಳಂತೆ. ತಾಯಿಯ ಮುಖ ನೋಡಿ, ಯಾರು ಎತ್ತ ಎಂದು ಏನೂ ಕೇಳದೆ, "ಮದ್ಲ ಹೊಟ್ಟಿಗೆ ಏನ ಬೇಕವ್ವಾ ನಿನಗ?" ಎಂದಳಂತೆ. ನಾನು ಅವಳನ್ನು ಆ ಒಂದು ಪ್ರಶ್ನೆ ಕೇಳಿಯೇ ಇರಲಿಲ್ಲ. ಇಪ್ಪತ್ತೆರಡು ದಿನದಲ್ಲಿ ಒಂದು ಸಲವೂ ಕೇಳಿರಲಿಲ್ಲ.

"ತಪ್ಪಾತವ್ವಾ" ಎನ್ನಬೇಕೆಂದಿದ್ದೆ. ಆರು ವರ್ಷ ಹೆದರಿ ನುಂಗಿಕೊಂಡಿದ್ದ ಮಾತೇ ಹೊರಗೆ ಬಂತು.

"ಆಮ್ಯಾಲೆ... ಹಾಲು ಬಂದುವೇನ?"

ಅವಳ ಮುಖ ಅರಳಿತು. ನನ್ನ ಕೈ ಹಿಡಿದುಕೊಂಡಳು. "ಬಂದುವ್ರಿ ಟೀಚರ್ರ! ನಿಮ್ಮ ಮನಿ ಬಿಟ್ಟ ಮೂರನೇ ದಿನಕ್ಕ ಬಂದುವ್ರಿ. ಕೂಸು ಕುಡದ ಮ್ಯಾಲೂ ಉಳೀತಿದ್ದುವ್ರಿ."

ಅವಳ ದನಿಯಲ್ಲಿ ಚುಚ್ಚುವುದು ಏನಾದರೂ ಇದೆಯೇ ಎಂದು ಹುಡುಕಿದೆ, ಇರಲಿಲ್ಲ. ಇಷ್ಟು ವರ್ಷವೂ ನಾನು ಅದೇ ಚಿಂತೆಯಲ್ಲಿ ಇದ್ದಿರಬೇಕು ಎಂದುಕೊಂಡು, ಇನ್ನಾದರೂ ನನಗೆ ಸಮಾಧಾನವಾಗಲಿ ಎಂದೇ ಅದನ್ನು ಹೇಳಿದಳು.